ಆಯಿಲ್ ಸೀಲ್ ಬದಲಿಸೋ ಮುಂಚೆ

ಇಂಜಿನ್ ಆಯಿಲ್ ಒತ್ತಡ ಬಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಉರಿಯುತ್ತೆ. ನೀರು ಕಾದರೆ ಮುಳ್ಳು ಮೇಲೇರುತ್ತೆ. ಬ್ರೇಕ್ ಆಯಿಲ್ ಇಳಿದರೂ ಒಂದು ದೀಪ ಇದೆ. ಇಂಜಿನ್ ಶಕ್ತಿಯನ್ನು ಎರಡು ಚಕ್ರಗಳಿಗೆ ಹಂಚೋ ಗೇರುಗಳ ಪೆಟ್ಟಿಗೆ, ಅಂದರೆ ಡಿಫ್ರೆನ್ಷಿಯಲ್‌ಗೆ ಮಾತ್ರ ಸಾಮಾನ್ಯವಾಗಿ ಏನೂ ಇಲ್ಲ. ದೀಪವಿಲ್ಲ, ಮುಳ್ಳಿಲ್ಲ, ಎಳೆದು ನೋಡೋಕೆ ಡಿಪ್‌ಸ್ಟಿಕ್ ಕೂಡ ಇಲ್ಲ. ಚಿಕ್ಕ ಸ್ಪೋರ್ಟ್ಸ್ ಕಾರಿನ ಡಿಫ್ರೆನ್ಷಿಯಲ್ ಒಳಗೆ ಇರೋದು ಹೆಚ್ಚುಕಮ್ಮಿ ಒಂದು ಲೀಟರ್ ಆಯಿಲ್. ಇಂಜಿನ್ನಿನಲ್ಲಿ ನಾಲ್ಕೈದು ಲೀಟರ್ ಇರುತ್ತೆ, ಅದರಲ್ಲಿ ಕಾಲು ಲೀಟರ್ ಹೋದರೆ ಅಂಥಾ ವ್ಯತ್ಯಾಸ ಆಗಲ್ಲ. ಇಲ್ಲಿ ಕಾಲು ಲೀಟರ್ ಹೋದರೆ ಇದ್ದದ್ದರಲ್ಲಿ ಕಾಲು ಪಾಲೇ ಹೋಯಿತು. ಹೋಗಿದೆ ಅಂತ ಹೇಳೋಕೆ ಅದಕ್ಕಿರೋ ದಾರಿ ಎರಡೇ. ಒಂದು, ಹೊರಗೆ ಕಾಣೋ ಜಿಡ್ಡು. ಇನ್ನೊಂದು, ಒಳಗಿಂದ ಬರೋ ಗೋಳಿಡೋ ಸದ್ದು. ಸದ್ದು ಬರೋ ಹೊತ್ತಿಗೆ ಕೆಲಸ ಕೈಮೀರಿರುತ್ತೆ.

ನನ್ನದು ಹಿಂದಿನ ಚಕ್ರ ತಿರುಗಿಸೋ, ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು. ಹಿಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್. ಅಂದರೆ ಡಿಫ್ರೆನ್ಷಿಯಲ್ ಕಾರಿನ ಚೌಕಟ್ಟಿಗೇ ಬೋಲ್ಟ್ ಆಗಿ ಕೂತಿರುತ್ತೆ, ಅದರ ಎರಡೂ ಪಕ್ಕದಿಂದ ಒಂದೊಂದು ಆಕ್ಸಲ್ ಚಕ್ರಕ್ಕೆ ಹೋಗುತ್ತೆ. ಸೋರಿಕೆ ಯಾವಾಗ ಶುರುವಾಯಿತು ಅಂತ ಹೇಳೋಕಾಗಲ್ಲ. ನೆಲದ ಮೇಲೆ ಬಿದ್ದಿದ್ದು ಅಂಗೈಗಿಂತ ಚಿಕ್ಕ ಕಲೆ. ಕಾರಿನ ಕೆಳಗೆ ಬಗ್ಗಿ ನೋಡಿದರೆ ಡಿಫ್ರೆನ್ಷಿಯಲ್‌ನ ಹೊರಪೆಟ್ಟಿಗೆ, ಅಂದರೆ ಹೌಸಿಂಗ್ ಪೂರ್ತಿ ಕಪ್ಪು ಮಡ್ಡಿ, ಅದರ ಮೇಲೆ ಧೂಳು, ಧೂಳಿನ ಮೇಲೆ ಮತ್ತೆ ಹೊಸ ಆಯಿಲ್. ಬಲಗಡೆ ಚಕ್ರದ ಒಳಮೈಗೆ ಸುತ್ತಲೂ ಎರಚಿದ ಗ್ರೀಸ್.

ಇಂಥಾ ಹೊತ್ತಲ್ಲಿ ನೋಡಿದವರೆಲ್ಲ ಹೇಳೋದು ಒಂದೇ ಮಾತು. ಸೀಲ್ (ತಿರುಗೋ ಶಾಫ್ಟ್ ಸುತ್ತ ಆಯಿಲ್ ಆಚೆ ಬರದ ಹಾಗೆ ತಡೆಯೋ ರಬ್ಬರ್ ಬಳೆ) ಹೋಗಿದೆ, ಬದಲಿಸಿಬಿಡಿ. ಮಾತು ತಪ್ಪಲ್ಲ, ಅರ್ಧ ಮಾತ್ರ. ಆಯಿಲ್ ಸೀಲ್ ತಾನಾಗಿ ಹಾಳಾಗೋದಕ್ಕಿಂತ ಇನ್ನೇನೋ ಅದನ್ನ ಹಾಳು ಮಾಡೋದೇ ಜಾಸ್ತಿ ಅನ್ನೋದು ನನ್ನ ಅಭಿಪ್ರಾಯ. ಆ ಇನ್ನೇನೋ ಏನು ಅಂತ ಹುಡುಕದೆ ಹೊಸ ಸೀಲ್ ಬಡಿದು ಕೂರಿಸಿದರೆ, ಸ್ವಲ್ಪ ದಿನ ಒಣಗಿರುತ್ತೆ, ಆಮೇಲೆ ಅದೇ ಜಾಗ ಮತ್ತೆ ಒದ್ದೆ. ಈ ಬರಹ ಆ ಹುಡುಕಾಟದ ಬಗ್ಗೆಯೇ ಜಾಸ್ತಿ. ಸೀಲ್ ಬದಲಿಸೋದು ಇದರಲ್ಲಿ ಸುಲಭದ ಭಾಗ.

ಮೊದಲು ಆ ಒಂದು ಲೀಟರ್ ಆಯಿಲ್ ಯಾಕೆ ಅಷ್ಟು ಮುಖ್ಯ ಅಂತ ಹೇಳಿಬಿಡುತ್ತೇನೆ. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಜಾಸ್ತಿ ದೂರ ಹೋಗಬೇಕು, ಆದರೂ ಎರಡಕ್ಕೂ ಶಕ್ತಿ ಸಿಗಬೇಕು. ಡಿಫ್ರೆನ್ಷಿಯಲ್ ಇರೋದು ಅದಕ್ಕೆ. ಇದು ಕಾರಿಗಿಂತ ಹಳೆಯದು. ಫ್ರಾನ್ಸಿನ ಗಡಿಯಾರ ಕೆಲಸಗಾರ ಒನೆಸಿಫೋರ್ ಪೆಕೂರ್ 1820ರ ದಶಕದ ಕೊನೆಯಲ್ಲೇ ಹಬೆ ಗಾಡಿಗೆ ಇಂಥದ್ದೊಂದನ್ನು ಮಾಡಿ ಪೇಟೆಂಟ್ ತೆಗೆದುಕೊಂಡಿದ್ದ. ಆದರೆ ಆಯಿಲ್‌ಗೆ ನಿಜವಾದ ಕಷ್ಟ ಬಂದಿದ್ದು ಸುಮಾರು ನೂರು ವರ್ಷದ ನಂತರ. 1926ರ ಹೊತ್ತಿಗೆ ಪ್ಯಾಕಾರ್ಡ್ ಕಾರುಗಳಲ್ಲಿ ಹೈಪಾಯ್ಡ್ ಗೇರ್ ಬಂತು. ಇದರಲ್ಲಿ ಪಿನಿಯನ್, ಅಂದರೆ ಶಕ್ತಿ ಒಳಗೆ ತರೋ ಚಿಕ್ಕ ಗೇರು, ಅದು ತಿರುಗಿಸೋ ದೊಡ್ಡ ಗೇರಾದ ಕ್ರೌನ್ ವೀಲಿನ ನಡುಗೆರೆಗೆ ಸರಿಯಾಗಿ ಇರಲ್ಲ, ಅದಕ್ಕಿಂತ ಕೆಳಗೆ ಇರುತ್ತೆ. ಹಾಗಾಗಿ ಗೇರ್‌ಬಾಕ್ಸಿನಿಂದ ಹಿಂದಕ್ಕೆ ಶಕ್ತಿ ತರೋ ಪ್ರೊಪೆಲರ್ ಶಾಫ್ಟ್ ಕೆಳಗಿಳಿಯುತ್ತೆ, ಅದರ ಜೊತೆ ಕಾರಿನ ನೆಲವೂ ಇಳಿಯುತ್ತೆ. ತಗ್ಗಾಗಿ ಕೂರೋ ಕಾರಿಗೆ ಇದಕ್ಕಿಂತ ಇನ್ನೇನು ಬೇಕು ಅಲ್ವಾ?

ಆದರೆ ಹಲ್ಲುಗಳ ಪಾಡು ಬೇರೆ. ಹೈಪಾಯ್ಡ್‌ನಲ್ಲಿ ಹಲ್ಲಿಗೆ ಹಲ್ಲು ಉರುಳಿ ಹೋಗೋದಷ್ಟೇ ಅಲ್ಲ, ಉದ್ದಕ್ಕೂ ಉಜ್ಜಿಕೊಂಡು ಜಾರುತ್ತೆ. ಆ ಒತ್ತಡಕ್ಕೆ ಮಾಮೂಲಿ ಆಯಿಲ್ ಪದರ ಹಿಂಡಿ ಆಚೆ ಹೋಗುತ್ತೆ. ಅದಕ್ಕೇ ಜಿಎಲ್-5 ದರ್ಜೆಯ ಗೇರ್ ಆಯಿಲ್‌ನಲ್ಲಿ ಗಂಧಕ, ರಂಜಕ ಇರೋ ಸೇರ್ಪಡೆಗಳನ್ನು ಹಾಕಿರುತ್ತಾರೆ. ಬಿಸಿಯಾದ ಉಕ್ಕಿನ ಮೇಲೆ ಅವು ತೆಳುವಾದ ಒಂದು ಪದರ ಕಟ್ಟುತ್ತವೆ. ಉಜ್ಜಿದಾಗ ಸವೆಯೋದು ಆ ಪದರ, ಹಲ್ಲಲ್ಲ. ಈ ಆಯಿಲ್‌ಗೆ ಕೊಳೆತ ಮೊಟ್ಟೆಯ ಹಾಗೆ ನಾತ ಬರೋದೂ ಅದೇ ಗಂಧಕದಿಂದ. ಬಟ್ಟೆಗೆ ತಾಗಿದರೆ ಎಷ್ಟು ಒಗೆದರೂ ಹೋಗಲ್ಲ. ಆದರೆ ಸೋರಿಕೆ ಹುಡುಕೋವಾಗ ಆ ನಾತಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

ಕಾರಿನ ಕೆಳಗೆ ಒದ್ದೆಯಾಗಿದ್ದೆಲ್ಲ ಡಿಫ್ರೆನ್ಷಿಯಲ್‌ದೇ ಆಗಬೇಕಿಲ್ಲ. ಕಾರು ಓಡುವಾಗ ಗಾಳಿ ಎಲ್ಲವನ್ನೂ ಹಿಂದಕ್ಕೆ ತಳ್ಳುತ್ತೆ. ಗೇರ್‌ಬಾಕ್ಸಿನ ಹಿಂದಿನ ಸೀಲ್ ಜಿನುಗಿದರೆ ಆ ಆಯಿಲ್ ಪ್ರೊಪೆಲರ್ ಶಾಫ್ಟ್ ಉದ್ದಕ್ಕೂ ಹರಡಿಕೊಂಡು ಡಿಫ್ರೆನ್ಷಿಯಲ್ ಮೂತಿಗೆ ಬಂದು ಕೂರುತ್ತೆ. ಇಂಜಿನ್ ಆಯಿಲ್ ಕೂಡ ಅಷ್ಟು ದೂರ ಬರುತ್ತೆ. ಚಕ್ರದ ಹತ್ತಿರದ ಒದ್ದೆ ಶಾಕ್ ಅಬ್ಸಾರ್ಬರ್‌ದಾಗಿರಬಹುದು, ಬ್ರೇಕ್ ಆಯಿಲ್ ಆಗಿರಬಹುದು. ಬ್ರೇಕ್ ಆಯಿಲ್ ಆಗಿದ್ದರೆ ಉಳಿದದ್ದೆಲ್ಲ ಬಿಟ್ಟು ಮೊದಲು ಅದನ್ನು ನೋಡಬೇಕು, ಕಾರು ಆಚೆ ತೆಗೆಯೋ ಹಾಗೇ ಇಲ್ಲ. ಬೆರಳಲ್ಲಿ ಮುಟ್ಟಿ ನೋಡಿದರೆ ಹೆಚ್ಚುಕಮ್ಮಿ ಗೊತ್ತಾಗುತ್ತೆ. ಬ್ರೇಕ್ ಆಯಿಲ್ ತೆಳು, ನೀರಿನಲ್ಲಿ ತೊಳೆದರೆ ಹೋಗುತ್ತೆ. ಗೇರ್ ಆಯಿಲ್ ಮಂದ, ಕಂದು ಬಣ್ಣ, ನಾತ. ಆಕ್ಸಲ್ ಜಾಯಿಂಟಿನ ಗ್ರೀಸ್ ಕಪ್ಪು ಇಲ್ಲಾ ಗಾಢ ಬೂದು, ಮಾಲಿಬ್ಡಿನಂ ಇರೋದರಿಂದ ಚರ್ಮದ ಗೆರೆಯೊಳಗೆ ಇಳಿದು ಕೂತುಬಿಡುತ್ತೆ. ಅದು ತೊಟ್ಟಿಕ್ಕಲ್ಲ. ತಿರುಗೋ ರಭಸಕ್ಕೆ ಎರಚಿಕೊಂಡು ಸುತ್ತಲೂ ಒಂದು ಉಂಗುರದ ಗುರುತು ಬಿಡುತ್ತೆ.

ನನ್ನ ಕಾರಿನಲ್ಲಿ ಎರಡೂ ಇತ್ತು. ಹೌಸಿಂಗ್ ಮೇಲೆ ನಾತದ ಆಯಿಲ್, ಬಲ ಚಕ್ರದ ಒಳಗೆ ಕಪ್ಪು ಗ್ರೀಸ್. ಅಂದರೆ ಇದು ಒಂದು ತೊಂದರೆ ಅಲ್ಲ, ಬೇರೆ ಬೇರೆ ಎರಡು.

ಮಡ್ಡಿ ಹಿಡಿದ ಹೌಸಿಂಗ್ ನೋಡಿ ಎಲ್ಲಿಂದ ಸೋರುತ್ತಿದೆ ಅಂತ ಹೇಳೋದು ಸುಮ್ನೆ ಊಹೆ. ಮೊದಲು ಪೂರ್ತಿ ತೊಳೆಯಬೇಕು. ಮರದ ಚಕ್ಕೆಯಲ್ಲಿ ದಪ್ಪ ಮಡ್ಡಿ ಕೆರೆದು, ಡಿಗ್ರೀಸರ್ ಹಾಕಿ, ಬ್ರಷ್‌ನಲ್ಲಿ ಉಜ್ಜಿ, ಒರೆಸಿ, ಒಣಗಿಸಬೇಕು. ಇದು ಬೇಜಾರಿನ ಕೆಲಸ, ಆದರೆ ಇದನ್ನು ಬಿಟ್ಟವರು ತಪ್ಪು ಸೀಲ್ ಬದಲಿಸುತ್ತಾರೆ. ಒಣಗಿದ ಮೇಲೆ ಅನುಮಾನ ಇರೋ ಜಾಗಕ್ಕೆಲ್ಲ ಬಿಳಿ ಪೌಡರ್ ಉದುರಿಸಿ, ಆಯಿಲ್ ಚೆನ್ನಾಗಿ ಬಿಸಿಯಾಗೋವರೆಗೆ ಓಡಿಸಿ ಬಂದು, ತಕ್ಷಣ ಟಾರ್ಚ್ ಹಿಡಿದು ನೋಡಬೇಕು. ಬಿಳಿಯ ಮೇಲೆ ಒದ್ದೆ ಗೆರೆ ಎದ್ದು ಕಾಣುತ್ತೆ. ನೋಡಬೇಕಾದ್ದು ಕೆಳಗೆ ತೊಟ್ಟಿಕ್ಕೋ ಜಾಗ ಅಲ್ಲ. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಒದ್ದೆಯಾಗಿರೋ ಜಾಗ ಯಾವುದು ಅಂತ. ಆಯಿಲ್ ಕೆಳಕ್ಕೆ ಹರಿಯುತ್ತೆ, ಗಾಳಿ ಅದನ್ನು ಹಿಂದಕ್ಕೆ ಒಯ್ಯುತ್ತೆ. ಮೇಲಕ್ಕೂ ಮುಂದಕ್ಕೂ ಅದು ತಾನಾಗಿ ಬರಲ್ಲ.

ಡಿಫ್ರೆನ್ಷಿಯಲ್ ಸೋರೋಕೆ ಇರೋ ಬಾಗಿಲುಗಳು ಹೆಚ್ಚಿಲ್ಲ. ಮುಂದೆ ಪಿನಿಯನ್ ಸೀಲ್, ಪಕ್ಕದಲ್ಲಿ ಆಕ್ಸಲ್‌ಗಳ ಕಡೆ ಎರಡು ಔಟ್‌ಪುಟ್ ಸೀಲ್, ಹಿಂದೆ ಕವರ್‌ನ ಗ್ಯಾಸ್ಕೆಟ್, ಆಯಿಲ್ ತುಂಬೋ ಫಿಲ್ಲರ್ ಮತ್ತು ಇಳಿಸೋ ಡ್ರೇನ್ ಪ್ಲಗ್‌ಗಳು, ಮೇಲೆ ಬ್ರೀದರ್. ನನ್ನಲ್ಲಿ ಬಲಗಡೆ ಔಟ್‌ಪುಟ್ ಸೀಲ್ ಕೆಳಗೆ ಪೌಡರ್ ಪೂರ್ತಿ ನೆಂದಿತ್ತು. ಎಡಗಡೆ ಸಣ್ಣಗೆ ಒಸರುತ್ತಿತ್ತು. ಪಿನಿಯನ್ ಸುತ್ತ ಬರೀ ತೇವ. ಕವರ್ ಒಣಗಿತ್ತು.

ಎರಡೂ ಪಕ್ಕ ಒಟ್ಟಿಗೆ, ಜೊತೆಗೆ ಮುಂದೆಯೂ. ಇಲ್ಲೇ ಕೈ ತಡೆದು ಯೋಚಿಸಬೇಕಾದ್ದು. ಮೂರು ಸೀಲ್ ಒಟ್ಟಿಗೆ ಹೋಗಿವೆ ಅಂದರೆ ಮೂರಕ್ಕೂ ಸೇರಿದ ಕಾರಣ ಒಂದು ಇರಬಹುದು. ವಯಸ್ಸೂ ಆಗಿರಬಹುದು, ಬ್ರೀದರ್ ಕೂಡ ಆಗಿರಬಹುದು.

ಬ್ರೀದರ್ ಅಂದರೆ ಹೌಸಿಂಗ್ ಮೇಲಿರೋ ಒಂದು ಸಣ್ಣ ಟೊಪ್ಪಿ, ಇಲ್ಲಾ ಒಂದು ಸಣ್ಣ ಪೈಪು. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿದಾಗ ಆಚೆ ಹೋಗೋಕೆ ಅದು ದಾರಿ. ಕಾರಿನ ಕೆಳಗೆ ಎಲ್ಲಕ್ಕಿಂತ ಕೊಳಕು ಜಾಗದಲ್ಲಿ, ಕಣ್ಣಿಗೆ ಕಾಣದ ಹಾಗೆ ಇರೋದರಿಂದ ಯಾರೂ ಅದನ್ನು ಮುಟ್ಟಲ್ಲ. ಮಣ್ಣು ಮೆತ್ತಿಕೊಂಡು ಮುಚ್ಚಿಹೋಗುತ್ತೆ. ಆಗ ಏನಾಗುತ್ತೆ ಅಂತ ಲೆಕ್ಕ ಹಾಕಬಹುದು. ನಿಂತ ಕಾರಿನ ಡಿಫ್ರೆನ್ಷಿಯಲ್ 20 ಡಿಗ್ರಿ ಸೆಲ್ಸಿಯಸ್ ಇದೆ ಅಂದುಕೊಳ್ಳಿ. ಜೋರಾಗಿ ಓಡಿಸಿದ ಮೇಲೆ 90 ಆಯಿತು ಅನ್ನಿ. ಕೆಲ್ವಿನ್ ಲೆಕ್ಕದಲ್ಲಿ 293ರಿಂದ 363. ಗಾಳಿಗೆ ಹೋಗೋಕೆ ಜಾಗ ಇಲ್ಲದಿದ್ದರೆ ಒಳಗಿನ ಒತ್ತಡವೂ ಅದೇ ಪ್ರಮಾಣದಲ್ಲಿ ಏರುತ್ತೆ, ಹತ್ತಿರ ಹತ್ತಿರ ಶೇಕಡಾ 24. ಅಂದರೆ ಹೊರಗಿನ ಗಾಳಿಗಿಂತ ಕಾಲು ಬಾರ್‌ನಷ್ಟು ಜಾಸ್ತಿ. ಕೇಳೋಕೆ ಕಮ್ಮಿ ಅನ್ನಿಸುತ್ತೆ. ಆದರೆ ಈ ಸೀಲ್‌ಗಳನ್ನು ಮಾಡಿರೋದು ಆಯಿಲ್ ಎರಚಿದರೆ ತಡೆಯೋಕೆ, ಒತ್ತಡ ಹಿಡಿದಿಡೋಕೆ ಅಲ್ಲ. ಕಾಲು ಬಾರ್ ಒತ್ತಡದಲ್ಲಿ ಸೀಲ್‌ನ ರಬ್ಬರ್ ತುಟಿ ಶಾಫ್ಟಿಗೆ ಬಿಗಿಯಾಗಿ ಒತ್ತಿಕೊಂಡು ಬಿಸಿಯಾಗುತ್ತೆ, ಬೇಗ ಸವೆಯುತ್ತೆ, ಇಲ್ಲಾ ಆಯಿಲ್‌ಗೆ ದಾರಿ ಬಿಡುತ್ತೆ. ಕಾರು ತಣ್ಣಗಾದಾಗ ಇದರ ಉಲ್ಟಾ. ಒಳಗೆ ಒತ್ತಡ ಬಿದ್ದು ಹೊರಗಿನ ತೇವಾಂಶ ಒಳಕ್ಕೆ ಎಳೆದುಕೊಳ್ಳುತ್ತೆ. ಆಯಿಲ್ ಹಾಲುಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಅಂತಲೇ ಅರ್ಥ.

ನನ್ನ ಬ್ರೀದರ್ ಟೊಪ್ಪಿ ತಿರುಗಬೇಕಿತ್ತು, ತಿರುಗಲಿಲ್ಲ. ಸುತ್ತಲೂ ಗಟ್ಟಿ ಮಣ್ಣು. ಬಿಚ್ಚಿ ತೆಗೆದು ಸೀಮೆಎಣ್ಣೆಯಲ್ಲಿ ನೆನೆಹಾಕಿ, ತಂತಿ ತೂರಿಸಿ, ಏರ್ ಹೊಡೆದ ಮೇಲೆ ದಾರಿ ಬಿಟ್ಟಿತು. ಎಷ್ಟೋ ಸಲ ಒಂದು ಡಿಫ್ರೆನ್ಷಿಯಲ್‌ಗೆ ಬೇಕಾದ ರಿಪೇರಿ ಇಷ್ಟೇ ಇರುತ್ತೆ. ಹೊಸದಾಗಿ ಒಸರೋಕೆ ಶುರುವಾದ ಕಾರಿನಲ್ಲಿ ಮೊದಲು ಬ್ರೀದರ್ ಬಿಡಿಸಿ, ತೊಳೆದು, ಸ್ವಲ್ಪ ದಿನ ಓಡಿಸಿ ನೋಡಿ ಅಂತಲೇ ನಾನು ಹೇಳೋದು. ನನ್ನ ಬಲಗಡೆಯ ಸೀಲ್ ಆ ಹಂತ ದಾಟಿತ್ತು.

ಬ್ರೀದರ್ ಬಿಟ್ಟರೆ ಸೀಲ್‌ನ ಇನ್ನೊಂದು ಶತ್ರು ಬೇರಿಂಗ್. ಔಟ್‌ಪುಟ್ ಫ್ಲೇಂಜ್, ಅಂದರೆ ಆಕ್ಸಲ್ ಸೇರೋ, ಗಿಡ್ಡ ಶಾಫ್ಟ್ ಇರೋ ತಟ್ಟೆ, ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಬೇಕು. ತುಸು ಪ್ಲೇ (ಸಡಿಲ) ಇರೋದು ಕೆಲವು ಕಾರುಗಳಲ್ಲಿ ಸಹಜ. ಟಕ್ ಟಕ್ ಅಂತ ಬಡಿಯೋ ಹಾಗೆ ಆಡಿದರೆ ಸಹಜ ಅಲ್ಲ. ಶಾಫ್ಟ್ ಅಡ್ಡಡ್ಡ ಓಲಾಡುತ್ತಾ ತಿರುಗಿದರೆ ರಬ್ಬರ್ ತುಟಿ ಎಷ್ಟು ಅಂತ ಹಿಂದೆ ಹೋಗುತ್ತೆ? ಒಂದು ಪಕ್ಕ ಒತ್ತಿಕೊಳ್ಳುತ್ತೆ, ಇನ್ನೊಂದು ಪಕ್ಕ ಬಾಯಿ ಬಿಡುತ್ತೆ. ಅಂಥಾ ಡಿಫ್ರೆನ್ಷಿಯಲ್‌ಗೆ ಹೊಸ ಸೀಲ್ ಹಾಕೋದು ದಂಡ. ನನ್ನದರಲ್ಲಿ ಎರಡೂ ಕಡೆ ಬಿಗಿಯಾಗಿತ್ತು. ಗೋಳಿಡೋ ಸದ್ದೂ ಇರಲಿಲ್ಲ, ಆಕ್ಸಿಲರೇಟರ್ ಒತ್ತಿದಾಗಲೂ ಇಲ್ಲ, ಬಿಟ್ಟಾಗಲೂ ಇಲ್ಲ.

ಮೂರನೇ ಶತ್ರು ಶಾಖ. ಇದಕ್ಕೆ ಪ್ರಸಿದ್ಧ ಉದಾಹರಣೆ 1961ರಲ್ಲಿ ಬಂದ ಜಾಗ್ವಾರ್ ಇ-ಟೈಪ್. ಅದರ ಹಿಂದಿನ ಡಿಸ್ಕ್ ಬ್ರೇಕ್ ಇರೋದು ಚಕ್ರದಲ್ಲಲ್ಲ, ಡಿಫ್ರೆನ್ಷಿಯಲ್ ಪಕ್ಕಕ್ಕೇ ಅಂಟಿಕೊಂಡು. ಚಕ್ರದ ಕಡೆ ತೂಕ ಕಮ್ಮಿ ಮಾಡೋಕೆ ಜಾಣತನದ ಉಪಾಯ. ಆಕ್ಸಲ್ ಶಾಫ್ಟೇ ಸಸ್ಪೆನ್ಷನ್ನಿನ ಮೇಲಿನ ಕೊಂಡಿಯೂ ಹೌದು. ಓಡಿಸೋಕೆ ಸೊಗಸು. ಆದರೆ ಬ್ರೇಕಿನ ಶಾಖ ನೇರವಾಗಿ ಔಟ್‌ಪುಟ್ ಸೀಲ್‌ಗೆ ತಟ್ಟಿ ಅದು ಬೆಂದುಹೋಗುತ್ತೆ. ಬೆಂದ ಸೀಲಿನಿಂದ ಸೋರಿದ ಆಯಿಲ್ ಬೀಳೋದು ಪಕ್ಕದಲ್ಲೇ ತಿರುಗೋ ಬ್ರೇಕ್ ಡಿಸ್ಕ್ ಮೇಲೆ. ಸರಿಮಾಡೋಕೆ ಹಿಂದಿನ ಇಡೀ ಜೋಡಣೆಯನ್ನೇ ಚೌಕಟ್ಟಿನ ಸಮೇತ ಕೆಳಗಿಳಿಸೋದು ವಾಡಿಕೆ. ನನ್ನ ಕಾರಿನ ಬ್ರೇಕ್ ಚಕ್ರದಲ್ಲೇ ಇವೆ ಅನ್ನೋದಕ್ಕೆ ಇದನ್ನು ನೆನೆದಾಗೆಲ್ಲ ಖುಷಿಯಾಗುತ್ತೆ.

ಬಿಚ್ಚೋ ಕೆಲಸಕ್ಕೆ ಬರೋಣ. ಚಕ್ರದ ನಡುವಿನ ಆಕ್ಸಲ್ ನಟ್ ಮಹಾ ಬಿಗಿ. ಹಲವು ಕಾರುಗಳಲ್ಲಿ 200 ನ್ಯೂಟನ್ ಮೀಟರ್ ಮೀರುತ್ತೆ. ಅದನ್ನು ಸಡಿಲ ಮಾಡಬೇಕಾದ್ದು ಕಾರು ನಾಲ್ಕೂ ಚಕ್ರದ ಮೇಲೆ ನಿಂತಿರುವಾಗಲೇ, ಹ್ಯಾಂಡ್ ಬ್ರೇಕ್ ಎಳೆದು, ಇನ್ನೊಬ್ಬರು ಬ್ರೇಕ್ ಒತ್ತಿ ಕೂತಿರುವಾಗ. ಸ್ಟ್ಯಾಂಡ್ ಮೇಲೆ ಏರಿಸಿದ ಕಾರಿಗೆ ಅಷ್ಟು ಉದ್ದದ ಬಾರ್ ಹಾಕಿ ಜಗ್ಗಬಾರದು. ನಟ್‌ನ ಅಂಚನ್ನು ಶಾಫ್ಟಿನ ತೋಡಿಗೆ ಬಡಿದು ಲಾಕ್ ಮಾಡಿರುತ್ತಾರೆ, ಅದನ್ನು ಮೊದಲು ಉಳಿಯಿಂದ ಎತ್ತಿ ಬಿಡಿಸಬೇಕು. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬಾರದು ಅಂತ ಬೇರೆ ಹೇಳಬೇಕಿಲ್ಲ.

ಡ್ರೇನ್ ಪ್ಲಗ್ ಮುಟ್ಟೋ ಮುಂಚೆ ಫಿಲ್ಲರ್ ಪ್ಲಗ್ ಬಿಚ್ಚಬೇಕು. ಇದು ಹಳೇ ನಿಯಮ, ಆದರೂ ಬಂಗಾರದಂಥದ್ದು. ಇರೋ ಆಯಿಲ್ ಎಲ್ಲ ಇಳಿಸಿದ ಮೇಲೆ ಫಿಲ್ಲರ್ ಪ್ಲಗ್ ತುಕ್ಕು ಹಿಡಿದು ಬರಲಿಲ್ಲ ಅಂದರೆ ಕಾರು ಅಲ್ಲೇ. ಡ್ರೇನ್ ಪ್ಲಗ್ ತುದಿಯಲ್ಲಿ ಆಯಸ್ಕಾಂತ ಇದ್ದರೆ ಅದನ್ನು ಒರೆಸೋ ಮುಂಚೆ ಚೆನ್ನಾಗಿ ನೋಡಿ. ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಇದ್ದರೆ ಹೆದರಬೇಕಿಲ್ಲ, ಗೇರುಗಳು ಸವೆಯೋ ರೀತಿಯೇ ಅದು. ಬೆರಳಿಗೆ ಚುಚ್ಚೋ ಚಕ್ಕೆ ಸಿಕ್ಕರೆ ಸೀಲ್ ಮಾತು ಬಿಟ್ಟು ಹೌಸಿಂಗ್ ಬಿಚ್ಚಬೇಕು. ನನ್ನದರಲ್ಲಿ ಬಂದಿದ್ದು ಪೇಸ್ಟ್. ಇಳಿದ ಆಯಿಲ್ ಮಾತ್ರ ಇರಬೇಕಾದ್ದಕ್ಕಿಂತ ಬಹಳ ಕಮ್ಮಿ. ಆಯಿಲ್ ಕಮ್ಮಿಯಾದಾಗ ಹೆಚ್ಚಾಗಿ ಮೊದಲು ಒಣಗೋದು ಪಿನಿಯನ್ನಿನ ಮುಂದಿನ ಬೇರಿಂಗ್. ಕ್ರೌನ್ ವೀಲ್ ಆಯಿಲ್‌ನಲ್ಲಿ ಮುಳುಗಿ ಎದ್ದು ಎರಚಿದ್ದೇ ಅಲ್ಲಿಗೆ ತಲುಪಬೇಕು. ಮಟ್ಟ ಇಳಿದರೆ ಎರಚೋಕೆ ಏನೂ ಉಳಿಯಲ್ಲ.

ಆಕ್ಸಲ್‌ನ ಒಳತುದಿ ಫ್ಲೇಂಜಿಗೆ ಆರು ಬೋಲ್ಟ್‌ಗಳಲ್ಲಿ ಸೇರಿದೆ. ಇವಕ್ಕೆ ಸ್ಪ್ಯಾನರ್ ಅಲ್ಲ, ಬೋಲ್ಟ್ ತಲೆಯೊಳಗಿನ ಗುಳಿಯಲ್ಲಿ ಕೂರೋ ಬಿಟ್ ಬೇಕು. ಆ ಗುಳಿ ತುಂಬ ವರ್ಷಗಟ್ಟಲೆ ಕೂತ ಮಣ್ಣು, ಗ್ರೀಸ್. ಸೂಜಿಯಂಥ ಮೊನೆಯಿಂದ ಪೂರ್ತಿ ಕೆದಕಿ, ಬ್ರೇಕ್ ಕ್ಲೀನರ್ ಹೊಡೆದು, ಬಿಟ್ ತಳ ಮುಟ್ಟೋವರೆಗೆ ಸುತ್ತಿಗೆಯಲ್ಲಿ ತಟ್ಟಿ ಆಮೇಲೆ ತಿರುಗಿಸಬೇಕು. ಅರ್ಧ ಕೂತ ಬಿಟ್ ತಿರುಗಿಸಿದರೆ ಗುಳಿ ಉರುಟಾಗುತ್ತೆ, ಆಮೇಲೆ ಆ ಬೋಲ್ಟ್ ತೆಗೆಯೋಕೆ ಅರ್ಧ ದಿನ. ಬಿಚ್ಚಿದ ಆಕ್ಸಲ್ ನೇತಾಡೋಕೆ ಬಿಡಬಾರದು, ತಂತಿಯಲ್ಲಿ ಕಟ್ಟಿ ಮಟ್ಟವಾಗಿ ಇಡಬೇಕು. ಅದು ಬಂದ ಮೇಲೆ ಫ್ಲೇಂಜ್. ಅದನ್ನು ಒಳಗೆ ಹಿಡಿದಿರೋದು ಒಂದು ಸರ್ಕ್ಲಿಪ್, ಅಂದರೆ ಸ್ಪ್ರಿಂಗ್ ಉಂಗುರ, ಅಷ್ಟೇ. ಎದುರು ಬದುರು ಎರಡು ಪ್ರೈ ಬಾರ್ ಇಟ್ಟು ಸಮನಾಗಿ ಮೀಟಿದರೆ ಟಪ್ ಅಂತ ಆಚೆ ಬರುತ್ತೆ. ಬಾರ್ ಕೆಳಗೆ ಮರದ ತುಂಡು ಇಟ್ಟುಕೊಂಡರೆ ಅಲ್ಯೂಮಿನಿಯಂ ಹೌಸಿಂಗ್ ಅಂಚು ಉಳಿಯುತ್ತೆ.

ಹಳೇ ಸೀಲ್ ಕೈಗೆ ಬಂದಾಗ ಎಸೆಯೋ ಮುಂಚೆ ಬೆಳಕಿಗೆ ಹಿಡಿದು ನೋಡಿ. ಇಷ್ಟು ಚಿಕ್ಕ ವಸ್ತುವಿನಲ್ಲಿ ಇಷ್ಟೊಂದು ಯೋಚನೆ ಇದೆಯಾ ಅನ್ನಿಸುತ್ತೆ. ಹೊರಗೆ ಉಕ್ಕಿನ ಬಳೆ, ಒಳಗೆ ರಬ್ಬರ್ ತುಟಿ, ತುಟಿಯ ಬೆನ್ನಿಗೆ ಕೂದಲೆಳೆಯಂಥ ಸ್ಪ್ರಿಂಗ್ ಒಂದು ಉಂಗುರವಾಗಿ ಸುತ್ತಿಕೊಂಡಿದೆ. ತುಟಿಯನ್ನು ಶಾಫ್ಟಿಗೆ ಒತ್ತಿ ಹಿಡಿಯೋದು ಅದೇ. ಹೊಸ ಸೀಲ್‌ನಲ್ಲಿ ತುಟಿ ಶಾಫ್ಟ್ ಮುಟ್ಟೋ ಪಟ್ಟಿಯ ಅಗಲ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗ ಅಷ್ಟೇ. ತುಟಿಯ ಎರಡು ಮಗ್ಗುಲೂ ಒಂದೇ ಇಳಿಜಾರಲ್ಲ. ಆಯಿಲ್ ಕಡೆಯದ್ದು ಕಡಿದು, ಗಾಳಿ ಕಡೆಯದ್ದು ಓರೆ. ಈ ವ್ಯತ್ಯಾಸ ಇರೋದರಿಂದಲೇ ಶಾಫ್ಟ್ ತಿರುಗುವಾಗ ತುಟಿಯ ಕೆಳಗೆ ನುಸುಳಿದ ಆಯಿಲ್ ಮತ್ತೆ ಒಳಕ್ಕೇ ತಳ್ಳಲ್ಪಡುತ್ತೆ. ಸೀಲ್ ಅಂದರೆ ಬರೀ ತಡೆಗೋಡೆ ಅಲ್ಲ, ಅದೊಂದು ಪುಟ್ಟ ಪಂಪ್. ಕೆಲವು ಸೀಲ್‌ಗಳ ತುಟಿಯಲ್ಲಿ ಓರೆ ಗೀರುಗಳೂ ಇರುತ್ತವೆ. ಅವು ತಿರುಗೋ ದಿಕ್ಕಿಗೆ ತಕ್ಕ ಹಾಗೆ ಮಾಡಿದವು, ಹಾಗಾಗಿ ಎಡಕ್ಕೂ ಬಲಕ್ಕೂ ಬೇರೆ ಬೇರೆ. ಬಾಣದ ಗುರುತು ನೋಡದೆ ಅದಲು ಬದಲು ಹಾಕಿದರೆ ಹೊಸ ಸೀಲೇ ಆಯಿಲ್ ಆಚೆ ಎಸೆಯುತ್ತೆ.

ನನ್ನ ಬಲಗಡೆಯ ಸೀಲ್‌ನ ತುಟಿ ಉಗುರಿಗೆ ಗಟ್ಟಿ ಪ್ಲಾಸ್ಟಿಕ್ ಆಗಿ ಸಿಕ್ಕಿತು. ಬಗ್ಗಿಸಿದರೆ ಸಣ್ಣ ಬಿರುಕುಗಳು. ಮಾಮೂಲಿ ನೈಟ್ರೈಲ್ ರಬ್ಬರ್ 100 ಡಿಗ್ರಿ ಆಸುಪಾಸಿನಲ್ಲಿ ತುಂಬಾ ಹೊತ್ತು ಇದ್ದರೆ ಹೀಗೇ ಆಗುತ್ತೆ. ಜಾಸ್ತಿ ಶಾಖ ತಡೆಯಬೇಕು ಅಂದರೆ ಫ್ಲೋರೋ ರಬ್ಬರ್ ಸೀಲ್ ಸಿಗುತ್ತೆ, ಸಿಕ್ಕರೆ ಅದೇ ಒಳ್ಳೇದು. ಅಷ್ಟಕ್ಕೇ ಮುಗಿಯಲಿಲ್ಲ. ಫ್ಲೇಂಜ್ ಒರೆಸಿ, ತುಟಿ ಓಡಾಡೋ ಜಾಗದ ಮೇಲೆ ಉಗುರು ಅಡ್ಡ ಎಳೆದರೆ ತಡೆಯಿತು. ಒಂದು ಸಣ್ಣ ತೋಡು. ರಬ್ಬರ್ ಉಕ್ಕನ್ನು ಹೇಗೆ ಕೊರೆಯುತ್ತೆ ಅಂತ ಕೇಳಬಹುದು. ರಬ್ಬರ್ ಕೊರೆಯಲ್ಲ, ಅದರಲ್ಲಿ ಸಿಕ್ಕಿಕೊಂಡ ಧೂಳು, ಲೋಹದ ಪುಡಿ ಕೊರೆಯುತ್ತೆ. ಹೊಸ ಸೀಲ್ ಅದೇ ತೋಡಿನಲ್ಲಿ ಕೂತರೆ ಮೊದಲ ದಿನವೇ ಅದರ ಹಿಡಿತ ಸಡಿಲ.

ಇದಕ್ಕೆ ದಾರಿಗಳಿವೆ. ಹೊಸ ಫ್ಲೇಂಜ್ ಹಾಕಬಹುದು. ಶಾಫ್ಟ್ ಮೇಲೆ ಕಾಲು ಮಿಲಿಮೀಟರ್ ದಪ್ಪದ ಸ್ಟೀಲ್ ತೋಳು (ಸ್ಲೀವ್) ಹಾಕಬಹುದು, ಅದು ಎಷ್ಟು ತೆಳು ಅಂದರೆ ಅದೇ ಅಳತೆಯ ಸೀಲ್ ಅದರ ಮೇಲೂ ಕೂರುತ್ತೆ. ಇಲ್ಲಾಂದರೆ ಜಾಗ ಇದ್ದಾಗ ಹೊಸ ಸೀಲ್ ಒಂದೆರಡು ಮಿಲಿಮೀಟರ್ ಹಿಂದೆ ಮುಂದೆ ಕೂರಿಸಿದರೆ ತುಟಿ ಹೊಸ ಮೈಮೇಲೆ ಓಡುತ್ತೆ. ನಾನು ಆರಿಸಿಕೊಂಡಿದ್ದು ತೋಳು. ಮೂರನೇ ದಾರಿ ಪುಕ್ಕಟೆ, ಆದರೆ ಹೌಸಿಂಗ್‌ನಲ್ಲಿ ಸೀಲ್ ಓರೆಯಾಗದ ಹಾಗೆ ಅರ್ಧದಲ್ಲಿ ನಿಲ್ಲಿಸೋದು ಕಷ್ಟ. ಎಡಗಡೆ ಫ್ಲೇಂಜ್‌ನಲ್ಲಿ ತೋಡು ಇರಲಿಲ್ಲ, ಅಲ್ಲಿ ಬರೀ ಸೀಲ್.

ಕೂರಿಸೋವಾಗ ಆತುರ ಬೇಡ. ಹಳೇದು ತೆಗೆಯೋ ಮುಂಚೆಯೇ ಅದು ಎಷ್ಟು ಆಳದಲ್ಲಿತ್ತು ಅಂತ ಅಳೆದಿಟ್ಟುಕೊಂಡಿರಬೇಕು. ಸೀಲ್‌ನ ಹೊರ ಅಂಚಿಗೆ ಸರಿಯಾದ ಅಳತೆಯ ಸಾಕೆಟ್ ಇಟ್ಟು, ಸುತ್ತ ಸುತ್ತ ಮೆಲ್ಲಗೆ ತಟ್ಟಿ. ತುಟಿಗೆ ಅದೇ ಗೇರ್ ಆಯಿಲ್ ಸವರಿ, ಒಣ ತುಟಿ ಮೊದಲ ಓಡಾಟದಲ್ಲೇ ಸುಟ್ಟುಹೋಗಬಹುದು. ಶಾಫ್ಟಿನ ಉದ್ದುದ್ದ ಹಲ್ಲುಗಳಾದ ಸ್ಪ್ಲೈನ್‌ಗಳ ಚೂಪು ಅಂಚು ತುಟಿ ಹರಿಯದ ಹಾಗೆ ತೆಳು ಟೇಪ್ ಸುತ್ತಿ ತೂರಿಸಿ, ತುಟಿ ದಾಟಿದ ಮೇಲೆ ಟೇಪ್ ಎಳೆದುಕೊಳ್ಳಿ. ಹೊಸ ಸರ್ಕ್ಲಿಪ್ ಹಾಕಿ. ಅದು ಕೂತಾಗ ಕೈಗೇ ಗೊತ್ತಾಗುತ್ತೆ. ಆಮೇಲೂ ಒಂದು ಸಲ ಹಿಂದಕ್ಕೆ ಜಗ್ಗಿ ನೋಡಿ.

ಇನ್ನು ಎರಡನೇ ತೊಂದರೆ, ಆಕ್ಸಲ್. ಆಕ್ಸಲ್‌ನ ಎರಡೂ ತುದಿಗೆ ಸಿವಿ ಜಾಯಿಂಟ್ ಇರುತ್ತೆ, ಅಂದರೆ ಬಗ್ಗಿದರೂ ಒಂದೇ ಸಮ ವೇಗದಲ್ಲಿ ತಿರುಗೋ ಕೀಲು. ಹಳೇ ಕಾಲದ ಕ್ರಾಸ್ ಜಾಯಿಂಟ್ ಬಗ್ಗಿ ತಿರುಗುವಾಗ ವೇಗ ಒಂದೇ ಸಮ ಇರಲ್ಲ, ಒಂದು ಸುತ್ತಿನಲ್ಲಿ ಎರಡು ಸಲ ಏರಿಳಿಯುತ್ತೆ. ಆಲ್ಫ್ರೆಡ್ ರ್ಜೆಪ್ಪಾ 1920ರ ದಶಕದಲ್ಲಿ ಮಾಡಿದ ಗುಂಡುಗಳ ಜಾಯಿಂಟ್ ಇದಕ್ಕೆ ಪರಿಹಾರ ಕೊಟ್ಟಿತು. ಆರು ಉಕ್ಕಿನ ಗುಂಡು, ಬಾಗಿದ ತೋಡುಗಳು. ಎಷ್ಟೇ ಬಗ್ಗಿದರೂ ಗುಂಡುಗಳು ಎರಡು ಶಾಫ್ಟಿನ ನಡುವಿನ ಕೋನವನ್ನು ಸರಿಯಾಗಿ ಅರ್ಧ ಮಾಡೋ ಮಟ್ಟದಲ್ಲೇ ಉಳಿಯುತ್ತವೆ. ಅದಕ್ಕೇ ವೇಗ ಸಮ. 1959ರ ಮಿನಿ ಬಂದ ಮೇಲೆ ಮುಂದಿನ ಚಕ್ರ ತಿರುಗಿಸೋ ಕಾರುಗಳಲ್ಲಿ ಇದು ಮನೆಮಾತಾಯಿತು.

ಈ ಜಾಯಿಂಟ್ ತಾನಾಗಿ ಸಾಯೋದು ಅಪರೂಪ. ಅದನ್ನು ಸಾಯಿಸೋದು ಹರಿದ ರಬ್ಬರ್ ಬೂಟ್, ಅಂದರೆ ಜಾಯಿಂಟಿನ ಗ್ರೀಸ್ ಹಿಡಿದಿಡೋ ಚೀಲ. ಗ್ರೀಸ್ ಆಚೆ, ಮರಳು ಒಳಗೆ. ಮುಂದಿನ ಚಕ್ರದ ಕಾರಿನಲ್ಲಿ ತಿರುಗಿಸುವಾಗ ಕಟಕಟ ಅನ್ನುತ್ತೆ. ಹಿಂದಿನ ಆಕ್ಸಲ್ ಅಷ್ಟು ಬಗ್ಗಲ್ಲ, ಹಾಗಾಗಿ ಆಕ್ಸಿಲರೇಟರ್ ಒತ್ತಿ ಬಿಟ್ಟು ಮಾಡಿದಾಗ ಒಂದು ಟಣ್ ಸದ್ದು ಕೇಳಬಹುದು, ಅಷ್ಟೇ. ನನ್ನ ಬಲ ಆಕ್ಸಲ್‌ನ ಹೊರಗಿನ ಬೂಟ್ ಮಡಿಕೆಯ ಬುಡದಲ್ಲಿ ಸೀಳಿತ್ತು. ಮೇಲಿಂದ ನೋಡಿದರೆ ಕಾಣಲ್ಲ, ಕೈಯಲ್ಲಿ ಮಡಿಕೆ ಬಿಡಿಸಿ ನೋಡಿದಾಗ ಬಾಯಿ ಬಿಟ್ಟಿತು. ಜಾಯಿಂಟ್ ಬಿಚ್ಚಿ ತೊಳೆದು ಗುಂಡುಗಳನ್ನು ಒಂದೊಂದಾಗಿ ಬೆಳಕಿನಲ್ಲಿ ತಿರುಗಿಸಿದೆ. ತೋಡುಗಳಲ್ಲಿ ಹೊಳೆಯೋ ಪಟ್ಟಿ ಇತ್ತು, ಗುಳಿ ಬಿದ್ದಿರಲಿಲ್ಲ. ಹೊಳಪು ಪರವಾಗಿಲ್ಲ, ಉಗುರಿಗೆ ಸಿಗೋ ಗುಳಿ ಆಗಲ್ಲ. ಗುಂಡುಗಳನ್ನು ತೆಗೆದ ತೋಡಿಗೇ ವಾಪಸ್ ಹಾಕಬೇಕು, ಅವು ಅಲ್ಲಲ್ಲಿಗೆ ಸವೆದು ಹೊಂದಿಕೊಂಡಿರುತ್ತವೆ. ಕೆಲವರು ಎಡ ಬಲ ಆಕ್ಸಲ್ ಒಂದೇ ಉದ್ದ ಇರೋ ಕಾರುಗಳಲ್ಲಿ ಎರಡನ್ನೂ ಅದಲು ಬದಲು ಮಾಡುತ್ತಾರೆ. ಆಗ ತೋಡಿನ ಸವೆಯದ ಮಗ್ಗುಲಿಗೆ ಭಾರ ಬೀಳುತ್ತೆ. ಬುದ್ಧಿವಂತಿಕೆ ಹೌದು, ಆದರೆ ಸತ್ತ ಜಾಯಿಂಟ್ ಅದರಿಂದ ಬದುಕಲ್ಲ.

ಬೂಟ್ ಕಿಟ್‌ನ ಜೊತೆ ಬರೋ ಗ್ರೀಸ್ ಅಳತೆ ಮಾಡಿ ಕೊಟ್ಟಿರುತ್ತಾರೆ. ಅಷ್ಟನ್ನೂ ಹಾಕಿ, ಅದಕ್ಕಿಂತ ಜಾಸ್ತಿ ಬೇಡ. ಕ್ಲಿಪ್ ಬಿಗಿ ಮಾಡೋ ಮುಂಚೆ ಬೂಟ್‌ನ ಚಿಕ್ಕ ಬಾಯಿಗೆ ತೆಳು ಕಡ್ಡಿ ತೂರಿಸಿ ಒಳಗಿನ ಗಾಳಿ ಸ್ವಲ್ಪ ಬಿಡಬೇಕು, ಇಲ್ಲಾಂದರೆ ಅದು ಉಬ್ಬಿಕೊಂಡೇ ತಿರುಗುತ್ತೆ. ಕ್ಲಿಪ್‌ಗೆ ಅದರದೇ ಇಕ್ಕಳ ಇದೆ. ಪ್ಲಾಸ್ಟಿಕ್ ಟೈ ಕಟ್ಟಿ ಮುಗಿಸಿದವರ ಕಾರುಗಳನ್ನು ನೋಡಿದ್ದೇನೆ. ಅವು ಮತ್ತೆ ಗ್ರೀಸ್ ಎರಚುತ್ತಿದ್ದವು.

ವಾಪಸ್ ತುಂಬುವಾಗ ಕಾರು ಸಮತಟ್ಟಾಗಿ ನಿಂತಿರಬೇಕು. ಫಿಲ್ಲರ್ ತೂತಿನಿಂದ ಆಯಿಲ್ ಆಚೆ ಇಣುಕೋವರೆಗೆ ತುಂಬಿ, ಅದು ನಿಂತ ಮೇಲೆ ಪ್ಲಗ್ ಹಾಕಬೇಕು. ನನ್ನದು ಕ್ಲಚ್ ಪ್ಲೇಟ್ ಇರೋ ಲಿಮಿಟೆಡ್ ಸ್ಲಿಪ್, ಅಂದರೆ ಒಂದೇ ಚಕ್ರ ಸುಮ್ಮನೆ ಸುತ್ತದ ಹಾಗೆ ತಡೆಯೋ ಡಿಫ್ರೆನ್ಷಿಯಲ್. ಅದಕ್ಕೆ ಜಿಎಲ್-5 75ಡಬ್ಲ್ಯೂ-90 ಆಯಿಲ್ ಜೊತೆ ಫ್ರಿಕ್ಷನ್ ಮಾಡಿಫೈಯರ್ ಕೂಡ ಬೇಕು. ಅದಿಲ್ಲದಿದ್ದರೆ ನಿಧಾನವಾಗಿ ಕಾರು ತಿರುಗಿಸುವಾಗ ಹಿಂದೆ ಗಡಗಡ ನಡುಗುತ್ತೆ. ಟಾರ್ಸೆನ್ ಥರದ ಬರೀ ಗೇರುಗಳ ಡಿಫ್ರೆನ್ಷಿಯಲ್‌ಗೆ ಸಾಮಾನ್ಯವಾಗಿ ಅದು ಬೇಡ. ಕಾರಿನ ಪುಸ್ತಕ ಏನು ಹೇಳುತ್ತೋ ಅದೇ ಕೊನೆಯ ಮಾತು. ಆಕ್ಸಲ್ ನಟ್ ಹೊಸದು, ಚಕ್ರ ನೆಲ ಮುಟ್ಟಿದ ಮೇಲೆ ಟಾರ್ಕ್ ರೆಂಚ್‌ನಲ್ಲಿ ಬಿಗಿ, ಆಮೇಲೆ ಅಂಚು ಬಡಿದು ಲಾಕ್. ಹಳೇ ಆಯಿಲ್ ಮೋರಿಗೆ ಸುರಿಯೋದಲ್ಲ, ಮುಚ್ಚಳ ಇರೋ ಡಬ್ಬಿಯಲ್ಲಿ ಹಾಕಿ ಹಳೇ ಆಯಿಲ್ ತೆಗೆದುಕೊಳ್ಳೋ ಕಡೆ ಕೊಡಬೇಕು.

ಓಡಿಸಿ ಬಂದು ಮತ್ತೆ ಪೌಡರ್ ಹಾಕಿ ನೋಡಿದಾಗ ಎರಡೂ ಪಕ್ಕ ಒಣಗಿತ್ತು. ಪಿನಿಯನ್ ಸುತ್ತ ಮಾತ್ರ ಮೊದಲಿನ ತೇವ ಇದೆ. ಅದನ್ನು ನಾನು ಬೇಕಂತಲೇ ಮುಟ್ಟಿಲ್ಲ. ಪಿನಿಯನ್ ಸೀಲ್ ಬದಲಿಸೋಕೆ ಮುಂದಿನ ದೊಡ್ಡ ನಟ್ ಬಿಚ್ಚಬೇಕು. ಬಹಳಷ್ಟು ಡಿಫ್ರೆನ್ಷಿಯಲ್‌ಗಳಲ್ಲಿ ಆ ನಟ್ ಬರೀ ಫ್ಲೇಂಜ್ ಹಿಡಿದಿರಲ್ಲ. ಒಳಗಿರೋ ಒಂದು ತೆಳು ಉಕ್ಕಿನ ಕೊಳವೆಯನ್ನು ಹಿಸುಕಿ, ಎರಡು ಪಿನಿಯನ್ ಬೇರಿಂಗ್‌ಗಳಿಗೆ ಇರಬೇಕಾದ ಬಿಗಿಯನ್ನು ಅದೇ ಕಾಯ್ದಿರುತ್ತೆ. ಪಿನಿಯನ್ ತಿರುಗಿಸೋಕೆ ಎಷ್ಟು ಬಲ ಬೇಕು ಅಂತ ಬಿಚ್ಚೋ ಮುಂಚೆ ಅಳೆದಿಡಬೇಕು, ನಟ್‌ಗೂ ಶಾಫ್ಟಿಗೂ ಗುರುತು ಹಾಕಬೇಕು, ವಾಪಸ್ ಅಷ್ಟೇ ಬಿಗಿಗೆ ತರಬೇಕು. ಸ್ವಲ್ಪ ಜಾಸ್ತಿ ತಿರುಗಿತು ಅಂತ ಹಿಂದಕ್ಕೆ ಸಡಿಲ ಮಾಡಿದರೆ ಆಗಲ್ಲ. ಹಿಸುಕಿದ ಕೊಳವೆ ಮತ್ತೆ ಹಿಗ್ಗಲ್ಲ, ಹೊಸದು ಹಾಕಬೇಕು, ಅದಕ್ಕೆ ಪಿನಿಯನ್ನೇ ಆಚೆ ಬರಬೇಕು. ಸದ್ದಿಲ್ಲದೆ ಓಡೋ ಕ್ರೌನ್ ಪಿನಿಯನ್ನನ್ನು ಬರೀ ತೇವಕ್ಕಾಗಿ ಈ ಗಂಡಾಂತರಕ್ಕೆ ಒಡ್ಡೋದು ನನಗೆ ಸರಿ ಕಾಣಲ್ಲ. ಬ್ರೀದರ್ ಈಗ ತೆರೆದಿದೆ, ತೇವ ತಾನಾಗೇ ನಿಂತರೂ ನಿಲ್ಲಬಹುದು. ಇಂಜಿನ್ ಆಯಿಲ್ ಬದಲಿಸುವಾಗೆಲ್ಲ ಫಿಲ್ಲರ್ ಪ್ಲಗ್ ತೆಗೆದು ಕಿರುಬೆರಳು ಒಳಗೆ ಹಾಕಿ ಮಟ್ಟ ನೋಡುತ್ತೇನೆ. ಬೆರಳಿಗೆ ಆಯಿಲ್ ತಾಗುತ್ತಾ ಇರೋವರೆಗೆ ಆ ಪಿನಿಯನ್ ಸೀಲ್ ಹಾಗೇ ಇರಲಿ. ಮಟ್ಟ ಇಳಿಯೋಕೆ ಶುರುವಾದರೆ ಆಗ ಹೊಸ ಸೀಲ್, ಹೊಸ ನಟ್, ಹೊಸ ಕೊಳವೆ ಎಲ್ಲ ಒಟ್ಟಿಗೆ ತಂದಿಟ್ಟುಕೊಂಡು ಹೌಸಿಂಗ್ ಇಳಿಸುತ್ತೇನೆ.